ಅತಿಥಿ ಸತ್ಕಾರಕ್ಕೂ ಒಂದು ಹೊಸ್ತಿಲು ಬೇಕು

ಭದ್ರಾವತಿಯ ಓಲ್ಡ್ ಟೌನಿನ ಹಳೆಯ ಮನೆಗಳಲ್ಲಿ ಈಗ ಕೊಠಡಿಗಳೇ ಹೆಚ್ಚು, ವಾಸಿಸುವವರು ಕಡಿಮೆ. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಂದಿನಿಂದ ಈ ಊರು ದೂರದೂರಿನ ದುಡಿಯುವ ಕುಟುಂಬಗಳನ್ನು ಕರೆದು ನೆಲೆ ನೀಡಿತು. ಮುಂದೆ ಕಾಗದದ ಕಾರ್ಖಾನೆಯೂ ಬಂದಿತು. ಒಂದೊಂದು ಮನೆಯಲ್ಲಿ ಎಂಟು ಹತ್ತು ಮಂದಿ ಉಂಡು ಮಲಗುತ್ತಿದ್ದ ಕಾಲವದು. ಇಂದು ಕಾಗದದ ಕಾರ್ಖಾನೆ ನಿಂತು ವರ್ಷಗಳೇ ಕಳೆದಿವೆ. ಉಕ್ಕಿನ ಕಾರ್ಖಾನೆಯ ಹಿಂದಿನ ವೈಭವ ಉಳಿದಿಲ್ಲ. ಮಕ್ಕಳು ಬೆಂಗಳೂರಿಗೂ ಕೊಲ್ಲಿ ರಾಷ್ಟ್ರಗಳಿಗೂ ತೆರಳಿದ್ದಾರೆ. ಮನೆಯಲ್ಲಿ ಉಳಿದಿರುವವರು ವಯಸ್ಸಾದ ತಂದೆತಾಯಿ ಮತ್ತು ಬೀಗ ಹಾಕಿದ ಎರಡು ಕೊಠಡಿ.

ಇಂಥ ಕುಟುಂಬಗಳ ಮುಂದೆ ಇಂದು ಹೋಂಸ್ಟೇ ಎಂಬ ವಿಚಾರ ಬಂದು ನಿಂತಿದೆ. ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವಣ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ತೆರೆದಿದೆ. ಜೋಗ, ಸಕ್ರೆಬೈಲಿನ ಆನೆ ಬಿಡಾರ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಓಲ್ಡ್ ಟೌನಿನಲ್ಲೇ ಇರುವ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಇವೆಲ್ಲವನ್ನೂ ನೋಡಬಯಸುವವರು ಹೋಟೆಲಿಗಿಂತ ಮನೆಯೂಟ ಇರುವ ಮನೆಯನ್ನೇ ಹುಡುಕುವುದುಂಟು. ಖಾಲಿ ಕೊಠಡಿ ನಾಲ್ಕು ಕಾಸು ತಂದುಕೊಟ್ಟರೆ ಔಷಧದ ಖರ್ಚಾದರೂ ನೀಗೀತು ಎಂದು ಹಿರಿಯರು ಯೋಚಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಕೊಠಡಿಗೆ ಬಣ್ಣ ಬಳಿಯುವುದಕ್ಕೆ ಮುಂಚೆಯೇ ಯೋಚಿಸಬೇಕಾದ ಸಂಗತಿಯೊಂದಿದೆ. ಬರುವ ಅತಿಥಿಗಳೆಲ್ಲರೂ ಸಜ್ಜನರಾಗಿರುವುದಿಲ್ಲ. ಇಬ್ಬರೆಂದು ಹೇಳಿ ಆರು ಮಂದಿ ಬಂದಿಳಿಯುವವರುಂಟು. ರಾತ್ರಿ ಹನ್ನೊಂದಕ್ಕೆ ಕೋಳಿ ಸಾರು ಕೇಳುವವರುಂಟು. ಕುಡಿದು ಹಾಡು ಹಾಕಿ ನೆರೆಹೊರೆಯ ನಿದ್ದೆಗೆಡಿಸುವವರುಂಟು. ಇನ್ನು ಕೆಲವರು ಇದ್ದಷ್ಟು ದಿನ ನಗುನಗುತ್ತಾ ಉಂಡು, ಹೊರಟ ಮೇಲೆ ಫೋನಿನಲ್ಲಿ ಒಂದೇ ಒಂದು ಸ್ಟಾರ್ ಒತ್ತಿ, ಮನೆಯ ಮರ್ಯಾದೆಯನ್ನು ಲೋಕದ ಮುಂದೆ ಹರಾಜಿಗಿಡುವರು. ಇವರೊಡನೆ ಹೇಗೆ ನಡೆದುಕೊಳ್ಳಬೇಕು? ಎಲ್ಲವನ್ನೂ ಸಹಿಸಿಕೊಳ್ಳುವುದೇ ಕ್ರೈಸ್ತ ಧರ್ಮವೇ?

ಅಲ್ಲವೆಂಬುದು ಈ ಲೇಖನದ ಅಭಿಪ್ರಾಯ. ಇದಕ್ಕೆ ಆಧಾರವನ್ನು ನಮ್ಮ ಧರ್ಮಸಭೆಯ ಪರಂಪರೆಯಲ್ಲೇ ಕಾಣಬಹುದು. ಮಮ್ರೆಯಲ್ಲಿ ಅಬ್ರಹಾಮನು ಅಪರಿಚಿತ ಮೂವರನ್ನು ಓಡಿಹೋಗಿ ಬರಮಾಡಿಕೊಂಡ ಕಥೆಯನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಆದರೆ ಆದಿ ಕ್ರೈಸ್ತರ ಕಾಲದ ‘ದಿದಾಖೆ’ ಎಂಬ ಪುಟ್ಟ ಗ್ರಂಥದಲ್ಲಿ ಇರುವ ವಿಧಿಯನ್ನು ಬಲ್ಲವರು ಕಡಿಮೆ. ಪ್ರಯಾಣಿಕನು ಬಂದರೆ ಆದಷ್ಟು ನೆರವು ನೀಡಿರಿ, ಆದರೆ ಅವನು ಎರಡು ಅಥವಾ ಮೂರು ದಿನಗಳಿಗಿಂತ ಹೆಚ್ಚು ಉಳಿಯಬಾರದು, ನೆಲೆಸುವುದಾದರೆ ದುಡಿದು ಉಣ್ಣಲಿ ಎಂಬುದು ಅದರ ತಾತ್ಪರ್ಯ. ಔದಾರ್ಯವನ್ನು ದುರುಪಯೋಗಪಡಿಸಿಕೊಳ್ಳುವ ಅತಿಥಿಗಳು ಅಂದೂ ಇದ್ದರು ಎಂದಾಯಿತು!

ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗಾಗಿ ಬರೆದ ನಿಯಮಾವಳಿ ಇನ್ನೂ ಸ್ಪಷ್ಟವಾಗಿದೆ. ಬರುವ ಪ್ರತಿಯೊಬ್ಬ ಅತಿಥಿಯನ್ನೂ ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕೆಂದು ಅವರು 53ನೆಯ ಅಧ್ಯಾಯದಲ್ಲಿ ವಿಧಿಸಿದರು. ಅದೇ ಅಧ್ಯಾಯದಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಅತಿಥಿಗಳಿಂದ ಮಠವಾಸಿಗಳ ಶಾಂತಿ ಕದಡದಿರಲೆಂದು ಅತಿಥಿಗಳಿಗೆ ಬೇರೆಯೇ ಅಡುಗೆಮನೆ ಇರಬೇಕೆಂದೂ ಹೇಳಿದರು. ಹೆಬ್ಬಾಗಿಲಲ್ಲಿ ಮಾತು ಕೇಳಿ ಮಾತು ಹೇಳಬಲ್ಲ ವಿವೇಕಿಯಾದ ಹಿರಿಯನೊಬ್ಬನನ್ನು ಇರಿಸಬೇಕೆಂದರು. ಅತಿಥಿಯನ್ನು ಗೌರವಿಸುವುದೂ ಮನೆಯ ಶಾಂತಿಯನ್ನು ಕಾಯುವುದೂ ಒಂದೇ ಧರ್ಮದ ಎರಡು ಕೆಲಸಗಳೆಂದು ಆ ಸಂತರು ತಿಳಿದಿದ್ದರು. ಬಾಗಿಲು ತೆರೆದಿರಲಿ, ಅದಕ್ಕೊಂದು ಹೊಸ್ತಿಲೂ ಇರಲಿ.

ಈ ಹೊಸ್ತಿಲನ್ನು ಅತಿಥಿ ಬಂದ ಮೇಲೆ ಕಟ್ಟಲಾಗದು, ಬರುವ ಮುನ್ನವೇ ಕಟ್ಟಬೇಕು. ಎಷ್ಟು ಜನ, ಎಷ್ಟು ದಿನ, ಊಟ ಎಷ್ಟು ಗಂಟೆಯವರೆಗೆ, ಮದ್ಯಪಾನಕ್ಕೆ ಅವಕಾಶವುಂಟೇ ಇಲ್ಲವೇ, ಹೊರಗಿನವರು ಕೊಠಡಿಗೆ ಬರಬಹುದೇ, ಹೆಚ್ಚಿನ ಹಾಸಿಗೆಗೆ ಎಷ್ಟು ಹಣ ಎಂಬುದನ್ನೆಲ್ಲ ಬರೆದು ತಿಳಿಸಬೇಕು. ಸಂಕೋಚದಿಂದ ಮುಂಚೆ ಹೇಳದೆ ಬಿಟ್ಟ ಮಾತು ನಡುರಾತ್ರಿಯಲ್ಲಿ ಜಗಳವಾಗಿ ಹೊರಬರುತ್ತದೆ. ಮನೆಯ ಕೊರತೆಗಳನ್ನೂ ಮುಚ್ಚಿಡಬಾರದು. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಬೀದಿ ಕಿರಿದಾದುದರಿಂದ ಕಾರನ್ನು ತುಸು ದೂರ ನಿಲ್ಲಿಸಬೇಕು, ಮುಂಜಾನೆ ಗುಡಿಯ ಗಂಟೆಯೂ ಮಸೀದಿಯ ಆಜಾನೂ ಕೇಳಿಸುತ್ತವೆ ಎಂದು ಮೊದಲೇ ಹೇಳಿದರೆ, ನಿಶ್ಶಬ್ದವನ್ನು ಬಯಸುವವನು ಬೇರೆ ಮನೆ ನೋಡಿಕೊಳ್ಳುತ್ತಾನೆ. ಬಂದವನು ದೂರುವುದಿಲ್ಲ. ಅರ್ಧಕ್ಕರ್ಧ ದೂರುಗಳು ಸುಂದರವಾದ ಫೋಟೊಗಳಿಂದಲೇ ಹುಟ್ಟುತ್ತವೆ.

ಕಾನೂನಿನ ಹೊಸ್ತಿಲೂ ಇದೆ. ಕೇಂದ್ರ ಸರ್ಕಾರದ ಹೋಂಸ್ಟೇ ಯೋಜನೆಯು ಒಂದರಿಂದ ಆರು ಕೊಠಡಿಗಳವರೆಗಿನ, ಮಾಲೀಕರ ಕುಟುಂಬ ಅಲ್ಲಿಯೇ ವಾಸಿಸುವ ಮನೆಗೆ ಮಾತ್ರ ಮನ್ನಣೆ ನೀಡುತ್ತದೆ. ರಾಜ್ಯದ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಪ್ರತಿಯೊಬ್ಬ ಅತಿಥಿಯ ಗುರುತಿನ ಚೀಟಿಯನ್ನು ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ವಿದೇಶಿಯರು ತಂಗಿದರೆ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ಮಾಹಿತಿ ಸಲ್ಲಿಸಬೇಕು. ಗುರುತಿನ ಚೀಟಿ ಕೇಳುವುದು ಅವಮರ್ಯಾದೆಯಲ್ಲ. ಅದನ್ನು ತೋರಿಸಲೊಲ್ಲದ ಅತಿಥಿಯನ್ನು ಬಾಗಿಲಲ್ಲೇ ಬೀಳ್ಕೊಡುವುದು ಲೇಸು.

ಇಷ್ಟಾದ ಮೇಲೂ ತೊಂದರೆ ಬಂದರೆ? ಮೊದಲನೆಯ ಸಂಜೆಯೇ ಮನೆಯ ಯಜಮಾನರು ಅಥವಾ ಯಜಮಾನಿಯವರು ಕೊಠಡಿಯ ಬಳಿ ಹೋಗಿ, ಏನಾದರೂ ಕೊರತೆ ಇದೆಯೇ ಎಂದು ವಿಚಾರಿಸಬೇಕು. ಬಿಸಿನೀರು ಬರುತ್ತಿಲ್ಲವೆಂದು ಬಾಯಲ್ಲಿ ಹೇಳಲು ಅವಕಾಶ ಸಿಕ್ಕವನು ಅದನ್ನೇ ರಿವ್ಯೂನಲ್ಲಿ ಬರೆಯುವುದು ವಿರಳ. ಅತಿಥಿ ಏರಿದ ದನಿಯಲ್ಲಿ ಮಾತನಾಡಿದರೆ ಮನೆಯ ಪರವಾಗಿ ಒಬ್ಬರೇ, ಶಾಂತವಾಗಿ, ಬರೆದ ನಿಯಮವನ್ನು ತೋರಿಸಿ ಮಾತನಾಡಬೇಕು. ಮನೆಮಂದಿಯೆಲ್ಲ ಸುತ್ತುವರಿದರೆ ಮಾತು ವ್ಯಾಜ್ಯವಾಗುತ್ತದೆ. ಕುಡಿದು ಕುಳಿತವರ ಕೊಠಡಿಗೆ ಊಟ ಕೊಡಲು ಮಗಳನ್ನೋ ಸೊಸೆಯನ್ನೋ ಒಬ್ಬಳನ್ನೇ ಕಳುಹಿಸುವುದು ಎಂದಿಗೂ ಕೂಡದು. ಹೆದರಿಕೆ ಹುಟ್ಟಿಸುವ ನಡತೆ ಕಂಡರೆ ನೆರೆಯವರನ್ನು ಕರೆಯಬೇಕು, 112ಕ್ಕೆ ಫೋನ್ ಮಾಡಬೇಕು. ಐದು ಸ್ಟಾರುಗಳ ಆಸೆಗೆ ಮನೆಯ ಹೆಣ್ಣುಮಕ್ಕಳ ನೆಮ್ಮದಿಯನ್ನು ಒತ್ತೆಯಿಡುವ ಅಗತ್ಯ ಯಾವ ಕುಟುಂಬಕ್ಕೂ ಇಲ್ಲ. ಮೋಜುಕೂಟಗಳ ಹಾವಳಿಯಿಂದ ಬೇಸತ್ತು ಏರ್‌ಬಿಎನ್‌ಬಿಯಂಥ ದೊಡ್ಡ ಕಂಪನಿಯೇ 2022ರಲ್ಲಿ ಅವನ್ನು ಲೋಕದಾದ್ಯಂತ ಶಾಶ್ವತವಾಗಿ ನಿಷೇಧಿಸಿತೆಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ತೊಂದರೆ ಕೊಡುವ ಅತಿಥಿ ಬೇರೆ, ನಮಗಿಂತ ಭಿನ್ನನಾದ ಅತಿಥಿ ಬೇರೆ. ಈ ವ್ಯತ್ಯಾಸವನ್ನು ಮರೆತರೆ ಹೊಸ್ತಿಲು ಗೋಡೆಯಾಗಿಬಿಡುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ನಡೆಸಿದ ಪ್ರಯೋಗದಲ್ಲಿ, ಕಪ್ಪು ಜನರದೆಂದು ತೋರುವ ಹೆಸರಿನಲ್ಲಿ ಕೊಠಡಿ ಕೇಳಿದವರಿಗೆ ಒಪ್ಪಿಗೆ ದೊರೆಯುವ ಸಂಭವ ಸುಮಾರು ನೂರಕ್ಕೆ 16ರಷ್ಟು ಕಡಿಮೆಯಾಗಿತ್ತು. ಅವರು ಮನೆಗೆ ಬಂದು ಏನೂ ಮಾಡಿರಲಿಲ್ಲ, ಹೆಸರೇ ಅಪರಾಧವಾಗಿತ್ತು. ನಮ್ಮ ಮಕ್ಕಳೂ ದೊಡ್ಡ ನಗರಗಳಲ್ಲಿ ಬಾಡಿಗೆ ಮನೆ ಹುಡುಕುವಾಗ ಜಾತಿ ಯಾವುದು, ಧರ್ಮ ಯಾವುದು, ಮಾಂಸ ತಿನ್ನುವಿರಾ ಎಂಬ ಪ್ರಶ್ನೆಗಳನ್ನು ಎದುರಿಸುತ್ತಾರಲ್ಲವೇ? ಆ ಪ್ರಶ್ನೆಯನ್ನು ನಮ್ಮ ಬಾಗಿಲಲ್ಲಿ ನಿಂತು ನಾವೇ ಕೇಳುವುದು ನ್ಯಾಯವಾಗಲಾರದು. ನಿಯಮವು ನಡತೆಯನ್ನು ಅಳೆಯಲಿ, ಹೆಸರನ್ನಲ್ಲ.

ಇನ್ನು ರಿವ್ಯೂ ಎಂಬ ಹೊಸ ಕಾಲದ ತಕ್ಕಡಿಯ ವಿಷಯ. ಮೊದಲಿಗೆ ಈ ತಕ್ಕಡಿಯ ಕಲ್ಲುಗಳೇ ವಿಚಿತ್ರವೆಂದು ತಿಳಿದಿರಬೇಕು. ಏರ್‌ಬಿಎನ್‌ಬಿಯ ಲಕ್ಷಾಂತರ ಮನೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ನೂರಕ್ಕೆ ಸುಮಾರು 95 ಮನೆಗಳ ಸರಾಸರಿ ನಾಲ್ಕೂವರೆ ಅಥವಾ ಐದು ಸ್ಟಾರ್! ಐದಕ್ಕೆ ನಾಲ್ಕು ಎಂದರೆ ನೂರಕ್ಕೆ ಎಂಬತ್ತು. ನಮ್ಮ ಶಾಲೆಗಳಲ್ಲಿ ಅದು ಪ್ರಥಮ ದರ್ಜೆಗಿಂತಲೂ ಮೇಲು. ಸಂತೋಷದಿಂದಲೇ ನಾಲ್ಕು ಸ್ಟಾರ್ ಕೊಟ್ಟು ಹೋದ ಅತಿಥಿಯ ಅಂಕವು ಆ ಲೆಕ್ಕದಲ್ಲಿ ಮನೆಯನ್ನು ಕೆಳಗೆ ತಳ್ಳುತ್ತದೆ. ಇದನ್ನು ಅರಿಯದ ಗೃಹಿಣಿಯೊಬ್ಬಳು ಅತಿಥಿಯನ್ನು ಶಪಿಸುತ್ತಾ ರಾತ್ರಿಯೆಲ್ಲ ನಿದ್ದೆಗೆಟ್ಟರೆ ಅದು ವ್ಯರ್ಥ ಸಂಕಟ.

ನಿಜವಾಗಿಯೂ ಕಟುವಾದ ರಿವ್ಯೂ ಬಂದಾಗ ಮತ್ತೆ ಸಂತ ಬೆನೆಡಿಕ್ಟರನ್ನೇ ಕೇಳೋಣ. ಹೊರಗಿನಿಂದ ಬಂದು ತಂಗಿದ ಸನ್ಯಾಸಿಯು ವಿನಯದಿಂದ, ಸಕಾರಣವಾಗಿ ಮಠದ ಕೊರತೆಯನ್ನು ತೋರಿಸಿದರೆ ಮಠಾಧಿಪತಿಯು ಅದನ್ನು ವಿವೇಕದಿಂದ ಪರಿಶೀಲಿಸಬೇಕು, ದೇವರು ಅವನನ್ನು ಅದಕ್ಕಾಗಿಯೇ ಕಳುಹಿಸಿರಬಹುದು ಎನ್ನುತ್ತದೆ 61ನೆಯ ಅಧ್ಯಾಯ. ಅದೇ ಅಧ್ಯಾಯದಲ್ಲಿ, ಅತಿಯಾಗಿ ಬೇಡುವ ದುರ್ನಡತೆಯ ಅತಿಥಿಯನ್ನು ಮರ್ಯಾದೆಯಿಂದಲೇ ಹೊರಡಲು ಹೇಳಬೇಕೆಂದೂ ಇದೆ. ಆದುದರಿಂದ ಮೊದಲ ಪ್ರಶ್ನೆ ಒಂದೇ: ಬರೆದಿರುವುದು ನಿಜವೇ? ನಿಜವಾದರೆ ತಿದ್ದಿಕೊಳ್ಳೋಣ. ಸುಳ್ಳಾದರೆ ಒಂದೇ ಸಲ, ಚುಟುಕಾಗಿ ಉತ್ತರಿಸೋಣ.

ಉತ್ತರವನ್ನು ಓದುವವನು ಹೊರಟುಹೋದ ಅತಿಥಿಯಲ್ಲ, ಮುಂದೆ ಬರಲಿರುವ ಅತಿಥಿ. ಆದಕಾರಣ ಕೋಪದ ದಿನ ಬರೆಯಬಾರದು. ಏರ್‌ಬಿಎನ್‌ಬಿಯಲ್ಲಿ ಉತ್ತರಿಸಲು 30 ದಿನಗಳ ಅವಕಾಶವಿದೆ. ಒಂದು ರಾತ್ರಿ ಕಾಯುವುದರಿಂದ ನಷ್ಟವಿಲ್ಲ. “ತಾವು ತಂಗಿದ್ದ ರಾತ್ರಿ ಎರಡು ಗಂಟೆ ಕರೆಂಟ್ ಇರಲಿಲ್ಲ, ತೊಂದರೆಗಾಗಿ ವಿಷಾದಿಸುತ್ತೇವೆ. ಈಗ ಅತಿಥಿ ಕೊಠಡಿಗೆ ಇನ್‌ವರ್ಟರ್ ಹಾಕಿಸಿದ್ದೇವೆ. ರಾತ್ರಿಯೂಟ ಒಂಬತ್ತರವರೆಗೆ ಮಾತ್ರ ಎಂಬುದನ್ನು ಮೊದಲೇ ತಿಳಿಸಿದ್ದೆವು.” ಇಷ್ಟು ಸಾಕು. ಅತಿಥಿ ಎಷ್ಟು ಕುಡಿದಿದ್ದ, ಯಾರೊಡನೆ ಬಂದಿದ್ದ ಎಂಬುದನ್ನೆಲ್ಲ ಬೀದಿಗೆ ಹಾಕಬೇಕಾಗಿಲ್ಲ. ರಿಯಾಯಿತಿ ಕೊಡದಿದ್ದರೆ ಕೆಟ್ಟ ರಿವ್ಯೂ ಬರೆಯುತ್ತೇನೆಂದು ಬೆದರಿಸುವವನಿಗೆ ಮಾತ್ರ ಬಗ್ಗಬಾರದು. ಅಂಥ ಬೆದರಿಕೆಯನ್ನು ಕಂಪನಿಯ ನಿಯಮವೇ ನಿಷೇಧಿಸುತ್ತದೆ. ಮಾತುಕತೆಯನ್ನು ಅದರ ಸಂದೇಶ ವ್ಯವಸ್ಥೆಯಲ್ಲೇ ನಡೆಸಿದರೆ ಸಾಕ್ಷ್ಯ ಉಳಿಯುತ್ತದೆ.

ಅತಿಥಿಯ ಬಗ್ಗೆ ಆತಿಥೇಯರೂ ರಿವ್ಯೂ ಬರೆಯುತ್ತಾರೆ. ಅಲ್ಲಿ 14 ದಿನಗಳ ಗಡುವಿದೆ; ಇಬ್ಬರೂ ಬರೆಯುವವರೆಗೆ ಅಥವಾ ಗಡುವು ಮುಗಿಯುವವರೆಗೆ ಒಬ್ಬರದು ಇನ್ನೊಬ್ಬರಿಗೆ ಕಾಣದು. ಸೇಡಿಗೆ ಸೇಡು ಬರೆಯದಿರಲೆಂದೇ ಈ ಏರ್ಪಾಡು. ಸುಳ್ಳಾರೋಪ ಮಾತ್ರವಲ್ಲ, ಸಕಾರಣವಿಲ್ಲದೆ ಇನ್ನೊಬ್ಬರ ನಿಜವಾದ ದೋಷವನ್ನು ಬಯಲು ಮಾಡುವುದೂ ಪಾಪವೆಂದು 1992ರ ಕಥೋಲಿಕ ಧರ್ಮೋಪದೇಶ ಬೋಧಿಸುತ್ತದೆ. ಅತಿಥಿ ಕೊಠಡಿಯನ್ನು ಹಾಳುಗೆಡವಿದನೆಂದು ಮುಂದಿನ ಮನೆಯವರನ್ನು ಎಚ್ಚರಿಸುವುದು ಸಕಾರಣ. ಅವನ ಉಡುಪನ್ನೂ ದಾಂಪತ್ಯವನ್ನೂ ಕುರಿತು ಬರೆಯುವುದು ಪರನಿಂದೆ. ಹಾಗೆಯೇ ಬಂಧುಬಳಗದವರಿಂದ ಐದೈದು ಸ್ಟಾರ್ ಹಾಕಿಸಿಕೊಳ್ಳುವುದೂ ಎಂಟನೆಯ ಕಟ್ಟಳೆಯ ಉಲ್ಲಂಘನೆಯೇ. ಭಾರತೀಯ ಮಾನಕ ಸಂಸ್ಥೆಯೂ 2022ರಲ್ಲಿ ಇಂಥ ನಕಲಿ ರಿವ್ಯೂಗಳ ವಿರುದ್ಧ ಮಾನದಂಡವನ್ನು ಹೊರಡಿಸಿದೆ.

ಕೊನೆಯದಾಗಿ, ಈ ಸ್ಟಾರುಗಳನ್ನೆಲ್ಲ ದುಡಿದು ಗಳಿಸುವವರು ಯಾರು? ಬೆಳಗಿನ ಕಡುಬಿಗೆ ಹಿಟ್ಟು ರುಬ್ಬಿ, ಹೊದಿಕೆ ಒಗೆದು, ಬಚ್ಚಲು ತೊಳೆದು, ನಗುಮೊಗದಿಂದ ಬಡಿಸುವ ಮನೆಯ ತಾಯಿ. ಶುಭಸಂದೇಶದ ಮಾರ್ತಳಂತೆ ಆಕೆ ಹಲವು ಕೆಲಸಗಳ ನಡುವೆ ಕಳವಳಪಡುವಾಗ, ಅಪರಿಚಿತನ ಒಂದು ಚುಚ್ಚುಮಾತು ಆಕೆಯ ಎದೆಗೇ ತಾಗುತ್ತದೆ. ಹಣ ಯಜಮಾನರ ಖಾತೆಗೆ, ನಿಂದೆ ಆಕೆಯ ಪಾಲಿಗೆ ಎಂಬಂತಾದರೆ ಅದು ಅನ್ಯಾಯ. ಆದುದರಿಂದ ಕೊಠಡಿಯನ್ನು ತೆರೆಯುವ ನಿರ್ಧಾರದಲ್ಲೂ, ಮುಚ್ಚುವ ನಿರ್ಧಾರದಲ್ಲೂ ಆಕೆಯ ಮಾತೇ ಮೊದಲಾಗಲಿ. ಭಾನುವಾರ, ಹಬ್ಬದ ದಿನ, ಮೊಮ್ಮಕ್ಕಳು ರಜೆಗೆ ಬರುವ ವಾರಗಳಲ್ಲಿ ಕೊಠಡಿ ಖಾಲಿ ಇಲ್ಲವೆಂದು ಧೈರ್ಯವಾಗಿ ಹೇಳಿರಿ. ಆ ಮೊಮ್ಮಕ್ಕಳು ಬಂದಾಗ ಮಲಗುವುದಕ್ಕಾಗಿಯೇ ಅಲ್ಲವೇ ಆ ಕೊಠಡಿಗಳನ್ನು ಇಷ್ಟು ವರ್ಷ ಕಾಯ್ದುಕೊಂಡು ಬಂದಿರುವುದು?