‘ಸುಮ್ನೆ ಕೂತಿರ್ತಾನೆ, ಏನೂ ತೊಂದ್ರೆ ಇಲ್ಲ’

ಸುದ್ದಿಗೆ ಅಂತ ಹಳ್ಳಿ ಶಾಲೆಗಳಿಗೆ ಹೋದಾಗ ನಮಗೆ ಪದೇ ಪದೇ ಕೇಳಿಸುವ ಮಾತೊಂದಿದೆ. ಹಿಂದೆ ಗೋಡೆಗೊರಗಿ ಕೂತ ಮಗುವಿನ ಕಡೆ ಕೈ ತೋರಿಸಿ, ‘ಅವನು ಸ್ವಲ್ಪ ಸ್ಪೆಷಲ್ ಸಾರ್. ದಿನಾ ಬರ್ತಾನೆ, ಸುಮ್ನೆ ಕೂತಿರ್ತಾನೆ, ಏನೂ ತೊಂದ್ರೆ ಇಲ್ಲ’ ಅಂತಾರೆ. ಹೇಳುವವರ ದನಿಯಲ್ಲಿ ಕೆಟ್ಟತನ ಇರುವುದಿಲ್ಲ, ಪ್ರೀತಿಯೇ ಇರುತ್ತೆ. ಮನೆಯವರೂ ಅದರಲ್ಲೇ ಸಮಾಧಾನ ಕಂಡಿರುತ್ತಾರೆ. ನಮ್ಮ ತಕರಾರು ಇರುವುದು ಈ ಸಮಾಧಾನದ ಮೇಲೆಯೇ. ಬೇರೆ ಮಕ್ಕಳು ದಿನವಿಡೀ ಹಾಗೆ ಸುಮ್ಮನೆ ಕೂತಿದ್ದರೆ ಮೇಷ್ಟ್ರು ಬಿಡ್ತಾರಾ?

ಕಾನೂನಿನ ಮಟ್ಟಿಗೆ ನಾವು ಹಿಂದೆ ಬಿದ್ದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಪಟ್ಟಿ ಮಾಡಿತು. ಶೇ 40ಕ್ಕಿಂತ ಕಡಿಮೆ ಇಲ್ಲದಷ್ಟು ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಹತ್ತಿರದ ಶಾಲೆಗೆ ಸೇರಿಸಬೇಕೋ ವಿಶೇಷ ಶಾಲೆಗೋ ಅನ್ನೋದು ಮಗುವಿನ ಆಯ್ಕೆ. ಹಾಗಾಗಿ ದಾಖಲಾತಿ ಪುಸ್ತಕದಲ್ಲಿ ಹೆಸರಿದೆ, ಹಾಜರಿ ಇದೆ, ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಇದೆ. ಮಗು ಏನು ಕಲಿಯಿತು ಅಂತ ಕೇಳಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಶಿಕ್ಷಕರು ಹೇಳುವ ಕಾರಣವನ್ನು ನಾವು ತಳ್ಳಿಹಾಕೋದಿಲ್ಲ. ಇಬ್ಬರೇ ಶಿಕ್ಷಕರು, ಐದು ತರಗತಿ, ಜೊತೆಗೆ ಆನ್‌ಲೈನ್ ಎಂಟ್ರಿ, ಗಣತಿ, ಚುನಾವಣೆ ಕೆಲಸ. ಈ ಮಕ್ಕಳಿಗಾಗಿಯೇ ತರಬೇತಿ ಪಡೆದ ಬಿಐಇಆರ್‌ಟಿ ಶಿಕ್ಷಕರು ಬಿಆರ್‌ಸಿಯಲ್ಲಿದ್ದಾರೆ ನಿಜ. ಆದರೆ ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ಮನೆಗೂ ಅವರೇ ಹೋಗಬೇಕು, ತಪಾಸಣಾ ಶಿಬಿರವನ್ನೂ ಅವರೇ ನಡೆಸಬೇಕು. ನಿಮ್ಮೂರಿನ ಸರದಿ ಬರುವುದು ಯಾವಾಗ?

ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ, ಆ ಹುದ್ದೆಗಳನ್ನು ಮಂಜೂರು ಮಾಡಿ ನೇಮಕಾತಿ ಶುರು ಮಾಡಿ ಅಂತ ರಾಜ್ಯಗಳಿಗೆ ಮತ್ತೆ ಸೂಚಿಸಿತು. ಹುದ್ದೆ ತುಂಬಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಶೇಷ ಶಿಕ್ಷಕರು ಬರುವ ತನಕ ಪಾಠ ನಿಲ್ಲಿಸಿ ಕಾಯೋಣ ಅನ್ನೋದನ್ನು ನಾವು ಒಪ್ಪೋದಿಲ್ಲ. ಅವರು ಬಂದ ಮೇಲೂ ಒಂದು ಶಾಲೆಗೆ ವಾರಕ್ಕೊಂದು ದಿನ ಸಿಕ್ಕರೆ ಹೆಚ್ಚು. ಉಳಿದ ಐದು ದಿನ ಮಗು ಇರುವುದು ತರಗತಿ ಶಿಕ್ಷಕರ ಮುಂದೆಯೇ.

ಅವರ ಕೈಯಲ್ಲಿ ಆಗುವಂಥದ್ದು ಬಹಳ ಇದೆ, ದೊಡ್ಡ ಖರ್ಚಿನದ್ದೇನೂ ಅಲ್ಲ. ಮೊದಲು ಕಿವಿ ನೋಡಿ. ನಮ್ಮ ಊರುಗಳಲ್ಲಿ ಮಕ್ಕಳ ಕಿವಿ ಸೋರುವುದು ಮಾಮೂಲಿ, ಎಣ್ಣೆ ಬಿಟ್ಟು ಹತ್ತಿ ಇಟ್ಟು ಕಳಿಸ್ತೀವಿ. ತಿಂಗಳುಗಟ್ಟಲೆ ಸೋರಿದ ಕಿವಿಗೆ ಪಾಠ ಅರ್ಧಂಬರ್ಧ ಕೇಳುತ್ತೆ, ಆ ಮಗುವಿಗೆ ‘ದಡ್ಡ’ ಅನ್ನೋ ಹೆಸರು ಬೀಳುತ್ತೆ. ಕಿವಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಎಷ್ಟೋ ಮಕ್ಕಳಿಗೆ ಗುಣವಾಗುತ್ತೆ. ಕೇಳಿಸೋದು ಕಡಿಮೆ ಇರುವ ಮಗುವನ್ನು ಮುಂದೆ ಕೂರಿಸಬೇಕು, ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡಬಾರದು, ಮಗುವಿಗೆ ನಿಮ್ಮ ತುಟಿ ಕಾಣಬೇಕು. ದೃಷ್ಟಿ ಮಂದವಿದ್ದರೆ ಬೆಳಕು ಬೀಳುವ ಜಾಗ, ದಪ್ಪ ಗೆರೆ ಎಳೆದ ನೋಟ್‌ಬುಕ್, ಕಪ್ಪು ಸ್ಕೆಚ್ ಪೆನ್. ಇದಕ್ಕೆಲ್ಲ ಯಾವ ಸುತ್ತೋಲೆಯೂ ಬೇಕಿಲ್ಲ.

ಓದು ಬರಹವೇ ಹಿಡಿತಕ್ಕೆ ಸಿಗದ ಮಕ್ಕಳ ಕಷ್ಟ ಬೇರೆ. ಮಾತಲ್ಲಿ ಚುರುಕು, ಸಂತೆಯಲ್ಲಿ ಚಿಲ್ಲರೆ ಲೆಕ್ಕ ಪಕ್ಕಾ, ಪುಸ್ತಕ ತೆಗೆದರೆ ಬೆವರು. ಕನ್ನಡವನ್ನು ಬರೆದಂತೆ ಓದ್ತೀವಿ, ಸುಲಭ ಅಂತ ನಾವು ಹೆಮ್ಮೆಯಿಂದ ಹೇಳ್ತೀವಲ್ಲ, ಈ ಮಗುವಿನ ಕಣ್ಣಿಂದ ನೋಡಿ. ಬ, ಭ ನಡುವೆ ಇರೋದು ಕೆಳಗಿನ ಒಂದು ಸಣ್ಣ ಗೀಟು. ಪ, ವ, ಮ, ಷ ಎಲ್ಲ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಪ್ರತಿ ಅಕ್ಷರಕ್ಕೂ ಕಾಗುಣಿತ, ಅದರ ಮೇಲೆ ಒತ್ತು. ಇನ್ನು ಅರ್ಕಾವತ್ತು ಬರೆಯೋದು ಅಕ್ಷರ ಆದಮೇಲೆ, ಓದೋದು ಅದಕ್ಕಿಂತ ಮೊದಲು. ‘ಸೂರ್ಯ’ ಅನ್ನೋ ಪದದ ಮುಂದೆ ಮಗು ನಿಂತುಬಿಟ್ಟರೆ ಅದು ಸೋಮಾರಿತನ ಅಲ್ಲ. ಇಂಥ ಮಗುವಿಗೆ ಹತ್ತು ಸಲ ಬರೆಯೋ ಶಿಕ್ಷೆ ಕೊಟ್ಟು ಏನೂ ಉಪಯೋಗವಿಲ್ಲ. ತಟ್ಟೆಯಲ್ಲಿ ರಾಗಿ ಹರವಿ, ಬಾಯಲ್ಲಿ ಹೇಳುತ್ತಾ ಬೆರಳಲ್ಲಿ ತಿದ್ದಿಸಬೇಕು. ಒಂದು ಸಲಕ್ಕೆ ಎರಡೇ ಅಕ್ಷರ, ಅವು ಗಟ್ಟಿಯಾದ ಮೇಲೆ ಮುಂದಿನದು. ಪರೀಕ್ಷೆಯಲ್ಲಿ ಉತ್ತರ ಬಾಯಲ್ಲಿ ಹೇಳಲಿ, ಬಿಡಿ. ಲೆಕ್ಕಕ್ಕೆ ಹುಣಸೆ ಬೀಜ, ಚೌಕಾಬಾರದ ಕವಡೆ ಸಾಕು.

‘ಎಲ್ಲರಿಗೂ ಬೇರೆ ಬೇರೆ ಪಾಠ ಮಾಡೋಕಾಗುತ್ತಾ?’ ಅಂತ ಕೇಳುವವರಿಗೆ ನಾವು ತೋರಿಸೋದು ನಲಿಕಲಿ ಕೋಣೆಯನ್ನು. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಶುರು ಮಾಡಿದ ಪದ್ಧತಿ ಇದು, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಅಲ್ಲಿ 1ರಿಂದ 3ನೇ ತರಗತಿ ಮಕ್ಕಳು ಐದು ತಟ್ಟೆಗಳಲ್ಲಿ ಗುಂಪಾಗಿ ಕೂರುತ್ತಾರೆ. ಯಾರು ಎಷ್ಟು ಕಲಿತಿದ್ದಾರೋ ಅಲ್ಲಿಂದ ಕಾರ್ಡು ತೆಗೆದುಕೊಳ್ಳುತ್ತಾರೆ. ಶಿಕ್ಷಕರ ಸಹಾಯ ಬೇಕಾದವರಿಗೆ ಒಂದು ತಟ್ಟೆ, ತಾವೇ ಕಲಿಯುವವರಿಗೆ ಒಂದು ತಟ್ಟೆ. ನಾಲ್ಕು ದಿನ ಜ್ವರ ಬಂದು ಮಲಗಿದ್ದ ಮಗು ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ನಿಧಾನವಾಗಿ ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇನ್ನೇನು ಬೇಕು? ಆದರೆ ನಾಲ್ಕನೇ ತರಗತಿಗೆ ಬಂದ ದಿನವೇ ಆ ಏಣಿ ತೆಗೆದುಬಿಡ್ತೀವಿ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ನಾವು ನೋಡಿದ ಹಾಗೆ ಮಗು ಗೋಡೆ ಪಕ್ಕಕ್ಕೆ ಸರಿಯುವುದು ಅಲ್ಲಿಂದಲೇ. ನಿಧಾನದ ಮಕ್ಕಳಿಗಾದರೂ ಐದನೇ ತರಗತಿ ತನಕ ಆ ಏಣಿ ಇರಲಿ ಅನ್ನೋದು ನಮ್ಮ ಒತ್ತಾಯ.

ಇನ್ನೊಂದು ನೆಪ ಸರ್ಟಿಫಿಕೇಟಿನದ್ದು. ‘ಯುಡಿಐಡಿ ಕಾರ್ಡ್ ಮಾಡಿಸ್ಕೊಂಡು ಬನ್ನಿ, ಆಮೇಲೆ ನೋಡೋಣ’ ಅಂತ ತಾಯಂದಿರನ್ನು ಜಿಲ್ಲಾ ಆಸ್ಪತ್ರೆಗೆ ಅಲೆಸುತ್ತಾರೆ. ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಹೋಯ್ತು, ಡಾಕ್ಟರು ರಜೆ. ಕಾರ್ಡು ಮಾಡಿಸಿಕೊಳ್ಳಿ, ಪಿಂಚಣಿಗೆ, ಬಸ್ ಪಾಸಿಗೆ, ಸಲಕರಣೆಗೆ ಅದು ಬೇಕೇ ಬೇಕು. ಆದರೆ ಮಗುವನ್ನು ಮುಂದಿನ ಸಾಲಲ್ಲಿ ಕೂರಿಸೋಕೆ ಯಾವ ಡಾಕ್ಟರ ಸಹಿ ಬೇಕು?

ಹಾಗಂತ ಹಳ್ಳಿ ಶಾಲೆಯಲ್ಲೇ ಎಲ್ಲವೂ ಆಗುತ್ತೆ ಅಂತ ನಾವು ಹೇಳೋದಿಲ್ಲ. ಏನೂ ಕೇಳಿಸದ ಮಗುವಿಗೆ ಸನ್ನೆ ಭಾಷೆ ಬೇಕು, ಆ ಭಾಷೆ ಆಡುವ ಗೆಳೆಯರು ಬೇಕು. ಕಣ್ಣೇ ಕಾಣದ ಮಗುವಿಗೆ ಬ್ರೈಲ್ ಬೇಕು. ಕಲಿಸುವವರು ಊರಲ್ಲಿ ಇಲ್ಲದಾಗ, ಕಣ್ಣೀರು ಹಾಕುತ್ತಲೇ ಮಗುವನ್ನು ದೂರದ ವಸತಿ ಶಾಲೆಗೆ ಬಿಟ್ಟು ಬರುವ ಅಪ್ಪ ಅಮ್ಮಂದಿರನ್ನು ‘ಕೈತೊಳ್ಕೊಂಡ್ರು’ ಅನ್ನೋ ಬಾಯಿಗಳಿಗೆ ಏನೂ ಗೊತ್ತಿಲ್ಲ. ಕರ್ಮ, ಶಾಪ ಅಂತ ಮಾತಾಡುವವರ ವಿಷಯ ಬಿಡಿ, ಅವರಿಗೆ ಉತ್ತರ ಕೊಡುತ್ತಾ ಕೂತರೆ ಹೊತ್ತು ಹೋಗುತ್ತೆ.

ಊರಿನ ನಾವು ನೀವು ಮಾಡಬಹುದಾದ್ದು ಕೇಳುವ ಕೆಲಸ. ಎಸ್‌ಡಿಎಂಸಿ ಸಭೆಗಳಲ್ಲಿ ಶೌಚಾಲಯ, ಕಾಂಪೌಂಡ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಮುಂದಿನ ಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ: ಈ ಮಗುವಿಗೆ ಈ ತಿಂಗಳು ಏನು ಕಲಿಸಬೇಕು ಅಂತ ಬರೆದಿಟ್ಟಿದ್ದೀರಾ? ಹೋದ ತಿಂಗಳದ್ದು ಎಷ್ಟಾಯ್ತು? ಗುರಿ ಚಿಕ್ಕದಿರಲಿ. ತನ್ನ ಹೆಸರು ಬರೆಯೋದು, ಹತ್ತರ ತನಕ ಎಣಿಸೋದು, ಶರ್ಟಿನ ಗುಂಡಿ ತಾನೇ ಹಾಕಿಕೊಳ್ಳೋದು, ‘ಒಂದಕ್ಕೆ ಹೋಗಬೇಕು’ ಅಂತ ಸನ್ನೆ ಮಾಡೋದು, ಇದೂ ಕಲಿಕೆಯೇ. ಕೇಳಿದಾಗ ಮೊದಲ ಸಲ ಮೇಷ್ಟ್ರಿಗೆ ಸ್ವಲ್ಪ ಸಿಟ್ಟು ಬರಬಹುದು. ಜಗಳಕ್ಕೆ ಹೋಗಬೇಡಿ, ಮುಂದಿನ ತಿಂಗಳು ಮತ್ತೆ ಕೇಳಿ.

ಗ್ರಾಮ ಪಂಚಾಯಿತಿ ತನ್ನ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಆ ದುಡ್ಡು ಎಲ್ಲಿ ಹೋಯ್ತು, ಶಾಲೆಯ ಮಗುವಿಗೆ ಅದರಲ್ಲಿ ಏನು ಬಂತು ಅಂತ ಕೇಳೋಕೆ ಮಕ್ಕಳ ಗ್ರಾಮಸಭೆ ಇದೆ. ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರಿಗಾಗಿಯೇ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರು ಯಾರು, ನಂಬರ್ ಏನು ಅಂತ ಪಿಡಿಒ ಹತ್ತಿರ ತಿಳಿದುಕೊಂಡು ಮೊಬೈಲಲ್ಲಿ ಸೇವ್ ಮಾಡಿಕೊಳ್ಳಿ, ಪಕ್ಕದ ಮನೆಯ ತಾಯಿಗೂ ಕೊಡಿ. ಗ್ರಾಮಸಭೆಗೆ ಹೋಗುವಾಗ ಆ ಮಗುವನ್ನೂ ಕರೆದುಕೊಂಡು ಹೋಗಿ, ಮುಂದಿನ ಸಾಲಲ್ಲೇ ಕೂರಲಿ.