ಹೊಣೆ ಬೇರೆ, ಹೊರೆ ಬೇರೆ

ಹದಿನಾರು ಹದಿನೇಳು ವಯಸ್ಸಿನ ನಮ್ಮ ಹುಡುಗ ಹುಡುಗಿಯರನ್ನ ಕೂರಿಸಿಕೊಂಡು 'ಜವಾಬ್ದಾರಿ ಅಂದ್ರೆ ಏನು?' ಅಂತ ಕೇಳಿ ನೋಡಿ. ಪಠ್ಯಪುಸ್ತಕದ ಉತ್ತರ ಯಾರೂ ಕೊಡೋದಿಲ್ಲ. ಒಬ್ಬ 'ಅಕ್ಕನ ಮದುವೆ ಸಾಲ' ಅಂತಾನೆ. ಇನ್ನೊಬ್ಬ 'ಫೇಲಾಗದೆ ಇರೋದು' ಅಂತಾನೆ. ಒಬ್ಬಳು 'ಓದು ಬಿಡಿಸಿ ಮದುವೆ ಮಾಡದ ಹಾಗೆ ನೋಡ್ಕೊಳ್ಳೋದು' ಅಂತಾಳೆ. ಮತ್ತೊಬ್ಬ ತಲೆ ತಗ್ಗಿಸಿ ಸುಮ್ಮನೆ ಕೂರ್ತಾನೆ. ಅವನ ಮೌನವೂ ಒಂದು ಉತ್ತರವೇ.

ಅದೇ ಮಾತನ್ನ ಮೇಲಿನವರು ಆಡುವಾಗ ಅರ್ಥ ಬೇರೆ. 'ನಿಮ್ಮ ಹುಡುಗರಿಗೆ ಜವಾಬ್ದಾರಿನೇ ಇಲ್ಲ ಕಣ್ರೀ. ಸರ್ಕಾರ ಅನ್ನ ಕೊಡ್ತದೆ, ರೂಮು ಕೊಡ್ತದೆ, ಸ್ಕಾಲರ್‌ಶಿಪ್ಪು ಕೊಡ್ತದೆ. ಆದರೂ ಉದ್ಧಾರ ಆಗೋದಿಲ್ಲ.' ಈ ಮಾತು ಬಸ್ಸಿನಲ್ಲಿ ಕೇಳ್ತದೆ, ಆಫೀಸಿನ ಕಿಟಕಿಯ ಆಚೆಯಿಂದ ಕೇಳ್ತದೆ, ಕ್ಲಾಸಿನೊಳಗೂ ಕೇಳ್ತದೆ. ಕೇಳಿ ಕೇಳಿ ನಮ್ಮವರೂ ಅದನ್ನೇ ನಂಬತೊಡಗಿದ್ದಾರೆ. ಇಂಗ್ಲಿಷು ಬಾರದಿದ್ದರೆ ನನ್ನದೇ ತಪ್ಪು. ಫೇಲಾದರೆ ನನ್ನದೇ ತಪ್ಪು. ಸ್ಕಾಲರ್‌ಶಿಪ್ಪು ಬಾರದಿದ್ದರೂ ನನ್ನದೇ ತಪ್ಪು.

ನಾವು ಹೇಳುವುದು ಒಂದೇ ಮಾತು. ಹೊಣೆ ಬೇರೆ, ಹೊರೆ ಬೇರೆ. ಹೊಣೆಯನ್ನು ನಾವು ತಿಳಿದು ಒಪ್ಪಿಕೊಳ್ಳುತ್ತೇವೆ. ಹೊರೆಯನ್ನು ಬೇರೆಯವರು ತಂದು ನಮ್ಮ ತಲೆ ಮೇಲೆ ಇಡುತ್ತಾರೆ. ನಮ್ಮ ತಾತ ಮುತ್ತಾತಂದಿರು ಹೊತ್ತದ್ದು ಹೊರೆ. ಬಿಟ್ಟಿ ಚಾಕರಿ, ಸತ್ತ ದನ, ಊರಿನ ಸಾವಿನ ಸುದ್ದಿ, ಊರಿನ ಹೊಲಸು. ಅದನ್ನೂ ಆ ಜನ 'ನಿಮ್ಮ ಕರ್ತವ್ಯ' ಅಂತಲೇ ಕರೆದಿದ್ದರು. ಆದ್ದರಿಂದ ಯಾರಾದರೂ ಬಂದು ನಮಗೆ ಜವಾಬ್ದಾರಿಯ ಪಾಠ ಹೇಳಿದರೆ ಮೊದಲು ತೂಕ ಮಾಡಿ ನೋಡಬೇಕು. ಇದು ಹೊಣೆಯೋ, ಹಳೇ ಹೊರೆಯೋ?

2024ರಲ್ಲಿ ನಡೆದ ಒಂದು ಸಂಗತಿ ನೋಡಿ. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಒಬ್ಬ ದಲಿತ ಹುಡುಗ. ವಯಸ್ಸು ಹದಿನೆಂಟು. ಅಪ್ಪ ದಿನಗೂಲಿ. ಹುಡುಗ ಐಐಟಿ ಪರೀಕ್ಷೆ ಪಾಸು ಮಾಡಿದ. ಧನಬಾದಿನ ಐಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಸೀಟು ಉಳಿಸಿಕೊಳ್ಳಲು ಜೂನ್ 24ರ ಸಂಜೆ 5 ಗಂಟೆಯೊಳಗೆ 17,500 ರೂಪಾಯಿ ಕಟ್ಟಬೇಕು. ಅಪ್ಪ ಅವರಿವರ ಹತ್ತಿರ ಕೈಯೊಡ್ಡಿ ದುಡ್ಡು ಹೊಂದಿಸೋ ಹೊತ್ತಿಗೆ ಐದಾಗಲು ಕೆಲವೇ ನಿಮಿಷ ಉಳಿದಿತ್ತು. ಕಂಪ್ಯೂಟರಿನ ಬಾಗಿಲು ಮುಚ್ಚಿಕೊಂಡಿತು. ಸೀಟು ಹೋಯಿತು. ಆ ಪರೀಕ್ಷೆ ಬರೆಯಲು ಅವನಿಗೆ ಇನ್ನೊಂದು ಅವಕಾಶವೂ ಉಳಿದಿರಲಿಲ್ಲ.

ಈಗ ಹೇಳಿ, ಇದರಲ್ಲಿ ಬೇಜವಾಬ್ದಾರಿ ಯಾರದು? ಓದಬೇಕಾದದ್ದನ್ನ ಹುಡುಗ ಓದಿದ. ಅಪ್ಪ ಮಾಡಬೇಕಾದದ್ದನ್ನ ಮಾಡಿದ. ಮನೇಲಿ 17,500 ರೂಪಾಯಿ ಇಲ್ಲದೆ ಇದ್ದದ್ದು ಅವರಿಬ್ಬರ ಸೋಮಾರಿತನವೆ? ಆ ಹುಡುಗ ಅಳುತ್ತಾ ಕೂರಲಿಲ್ಲ. ಆಯೋಗಕ್ಕೆ ಹೋದ, ಹೈಕೋರ್ಟಿಗೆ ಹೋದ, ಸುಪ್ರೀಂ ಕೋರ್ಟಿಗೆ ಹೋದ. ಅದೇ ವರ್ಷ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ ಅವನಿಗೆ ಸೀಟು ಕೊಡಿ ಎಂದು ಆದೇಶ ಮಾಡಿತು. ಒಳ್ಳೇದಾಯಿತು. ಆದರೆ ಅಷ್ಟು ದೂರ ಹೋಗಲಾರದೆ ಗಾರೆ ಕೆಲಸಕ್ಕೆ ಹೋದವರ ಸುದ್ದಿ ಯಾವ ಪೇಪರಿನಲ್ಲೂ ಬರೋದಿಲ್ಲ.

ನಮ್ಮ ಕಡೆಗೇ ಬನ್ನಿ. ಸ್ಕಾಲರ್‌ಶಿಪ್ಪು ಬೇಕಾದರೆ ಜಾತಿ ಪತ್ರದ ಆರ್‌ಡಿ ನಂಬರು ಬೇಕು, ಆದಾಯ ಪತ್ರದ ಆರ್‌ಡಿ ನಂಬರು ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ ಆದರೆ ದುಡ್ಡು ನಿಂತಿತು. ಹುಡುಗ ನಾಡಕಚೇರಿಗೂ ಸೈಬರ್ ಸೆಂಟರಿಗೂ ಅಲೆದು ಕ್ಲಾಸು ತಪ್ಪಿಸಿಕೊಂಡರೆ 'ಹಾಜರಾತಿ ಇಲ್ಲ, ಜವಾಬ್ದಾರಿ ಇಲ್ಲ' ಅಂತ ಬರೆದುಕೊಳ್ಳುತ್ತಾರೆ. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನ ಶುರುವಾದದ್ದು 1944ರಲ್ಲಿ. ಸಂವಿಧಾನದ 46ನೇ ವಿಧಿ ನಮ್ಮ ವಿದ್ಯೆಯನ್ನ ವಿಶೇಷ ಎಚ್ಚರದಿಂದ ಬೆಳೆಸಬೇಕು ಅಂತ ಸರ್ಕಾರಕ್ಕೆ ಹೇಳಿದೆ. ಅಂದಮೇಲೆ ಇದು ಯಾರ ಮನೆಯ ಭಿಕ್ಷೆಯೂ ಅಲ್ಲ. ಅದು ಸರ್ಕಾರ ಹೊತ್ತ ಹೊಣೆ. ಅವರು ಹೊಣೆ ತಪ್ಪಿಸಿಕೊಂಡು ನಮ್ಮನ್ನ ಬೇಜವಾಬ್ದಾರರು ಅಂತ ಕರೆದರೆ ನಂಬಬೇಡಿ.

ಬಾಬಾಸಾಹೇಬರ ಬದುಕನ್ನೇ ನೋಡಿ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿ ವೇತನ ಪಡೆದು ಅಮೆರಿಕಕ್ಕೆ ಹೋಗುವಾಗ, ಓದಿ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ನೌಕರಿ ಮಾಡುತ್ತೇನೆ ಅಂತ ಕರಾರಿಗೆ ಸಹಿ ಹಾಕಿದ್ದರು. ಮಾತಿಗೆ ತಪ್ಪದೆ 1917ರಲ್ಲಿ ಬರೋಡಾಕ್ಕೆ ಬಂದರು. ಮಲಗಲು ಒಂದು ಕೋಣೆ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಪಾರ್ಸಿ ತಂಗುಮನೆಯಲ್ಲಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯ ಆ ಊರಲ್ಲಿ ನಿಲ್ಲಲಾರದೆ ಬೊಂಬಾಯಿಗೆ ವಾಪಸ್ಸಾದರು. ಕರಾರು ಮುರಿದವರು ಯಾರು? ಅಂಬೇಡ್ಕರರೋ, ಆ ಊರೋ?

ಮುಂದಿನದು ಇನ್ನೂ ಮುಖ್ಯ. ಬಾಬಾಸಾಹೇಬರು ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಆ ಸಭಾದಿಂದ 1925ರಲ್ಲಿ ಸೋಲಾಪುರದಲ್ಲಿ ನಮ್ಮ ಹುಡುಗರಿಗಾಗಿ ಒಂದು ಹಾಸ್ಟೆಲು ಶುರುವಾಯಿತು. ತಾನು ಮಲಗಲು ಜಾಗ ಸಿಗದವನು ಎಂಟೇ ವರ್ಷದಲ್ಲಿ ಬೇರೆಯವರ ಮಕ್ಕಳಿಗೆ ಜಾಗ ಮಾಡಿಕೊಟ್ಟ. ಹೊರೆಯನ್ನ ಕೆಳಗೆ ಎಸೆದು ಹೊಣೆಯನ್ನ ಎತ್ತಿಕೊಳ್ಳೋದು ಅಂದರೆ ಇದು.

ಇನ್ನು ಮನೆಯ ಮಾತು. 'ನಿನ್ನನ್ನೇ ನಂಬ್ಕೊಂಡಿದ್ದೀವಿ ಕಣ ಮಗಾ' ಅಂತ ಅವ್ವ ಫೋನಿನಲ್ಲಿ ಹೇಳ್ತಾಳೆ. ಅವಳು ಹೇಳೋದು ಪ್ರೀತಿಯಿಂದ. ಆದರೆ ಆ ಮಾತು ರಾತ್ರಿಯೆಲ್ಲ ಎದೆ ಮೇಲೆ ಕೂತಿರ್ತದೆ. ಅಣ್ಣ ಓದು ಬಿಟ್ಟು ಕೂಲಿಗೆ ಹೋದದ್ದರಿಂದ ತಮ್ಮ ಕಾಲೇಜಿಗೆ ಬಂದ. ಒಂದು ಸಬ್ಜೆಕ್ಟು ಹೋದರೆ ಇಡೀ ಮನೆತನವೇ ಫೇಲಾದಂತೆ ಅವನಿಗೆ ಅನಿಸ್ತದೆ. ಮೂರು ತಲೆಮಾರಿನ ಬಡತನವನ್ನ ಹದಿನೇಳು ವರ್ಷದ ಒಬ್ಬ ಹುಡುಗ ಒಂದು ಮಾರ್ಕ್ಸ್ ಕಾರ್ಡಿನಿಂದ ತೀರಿಸೋಕೆ ಆಗೋದಿಲ್ಲ. ಹಾಗೆ ತೀರಿಸಬೇಕು ಅಂತ ಅಂದುಕೊಳ್ಳೋದೇ ಹೊರೆ.

ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲನನ್ನ 2016ರ ಜನವರಿ 17ರಂದು ಕಳೆದುಕೊಂಡೆವು. ಅವನನ್ನೂ ಅವನ ನಾಲ್ವರು ಗೆಳೆಯರನ್ನೂ ಹಾಸ್ಟೆಲಿನಿಂದ ಹೊರಗೆ ಹಾಕಲಾಗಿತ್ತು. ಏಳು ತಿಂಗಳ ಫೆಲೋಶಿಪ್ ದುಡ್ಡು ಬರಬೇಕಿದೆ ಅಂತ ಅವನು ಬರೆದಿಟ್ಟಿದ್ದ. ಗೆಳೆಯನಿಗೆ ಕೊಡಬೇಕಾದ ಸಾಲವನ್ನೂ ಬರೆದಿಟ್ಟಿದ್ದ. ಅಂಥವನನ್ನ ಬೇಜವಾಬ್ದಾರ ಅನ್ನೋರು ಯಾರು? ಆದರೆ ಗೆಳೆಯರೇ, ನಮಗೆ ಇನ್ನು ಫೋಟೋಗಳು ಬೇಡ. ಹಾರ ಹಾಕೋದೂ ಬೇಡ. ಜೀವಂತ ಹುಡುಗರು ಬೇಕು, ಫೇಲಾದರೂ ಸರಿ, ಜೀವಂತ ಹುಡುಗಿಯರು ಬೇಕು.

ಇಷ್ಟು ಹೇಳಿದೆವು ಅಂತ 'ಎಲ್ಲಾ ವ್ಯವಸ್ಥೆಯದೇ ತಪ್ಪು' ಅಂದುಕೊಂಡು ಕಂಬಳಿ ಹೊದ್ದು ಮಲಗಬೇಡಿ. ರಾತ್ರಿ ಎರಡು ಗಂಟೆವರೆಗೆ ಮೊಬೈಲು ನೋಡಿ ಬೆಳಗಿನ ಕ್ಲಾಸು ತಪ್ಪಿಸೋದು ಮನುವಾದಿಗಳ ಪಿತೂರಿ ಅಲ್ಲ. ಜೂನಿಯರ್ ಕೈಲಿ ಬಟ್ಟೆ ಒಗೆಸೋ ಸೀನಿಯರೇ, ನಿನಗೂ ಊರಿನ ಯಜಮಾನನಿಗೂ ಏನಯ್ಯ ವ್ಯತ್ಯಾಸ? ರಜಕ್ಕೆ ಹೋದಾಗ ತಂಗಿ ಕೈಲಿ ತಟ್ಟೆ ತೊಳೆಸಿ ಸಮಾನತೆಯ ಭಾಷಣ ಮಾಡೋನೇ, ಅವಳಿಗೂ ನಾಳೆ ಪರೀಕ್ಷೆ ಇದೆ. ಇವು ನಮ್ಮ ಕೈಯಲ್ಲೇ ಇರೋ ಕೆಲಸ. ಇವನ್ನ ಬೇರೆ ಯಾರೂ ಬಂದು ಮಾಡಿಕೊಡೋದಿಲ್ಲ.

ಪ್ರತಿ ಹಾಸ್ಟೆಲಿನಲ್ಲಿ ನಾಳೆಯಿಂದಲೇ ಮಾಡಬಹುದಾದದ್ದು ಇಷ್ಟು. ಇಬ್ಬರು ಸೇರಿ ಅರ್ಜಿಗಳ ಕೊನೇ ದಿನಾಂಕಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಊಟದ ಹಾಲಿನ ಗೋಡೆಗೆ ಅಂಟಿಸಿ. ತಿಂಗಳಿಗೆ ತಲಾ ಹತ್ತು ರೂಪಾಯಿ ಕೂಡಿಡಿ. ಯಾರದೋ ಫೀಸಿಗೆ ಐದು ನಿಮಿಷ ಉಳಿದಿರುವಾಗ ಅದು ಬೇಕಾಗ್ತದೆ. ಲೆಕ್ಕವನ್ನೂ ಅದೇ ಗೋಡೆ ಮೇಲೆ ಹಾಕಿ. ಸ್ಕಾಲರ್‌ಶಿಪ್ಪು ನಿಂತವರ ಪಟ್ಟಿ ಮಾಡಿ, ಒಬ್ಬೊಬ್ಬರೇ ಹೋಗಿ ಕೈಮುಗಿಯದೆ ಎಲ್ಲರೂ ಒಟ್ಟಿಗೆ ಹೋಗಿ ಕೇಳಿ. ಫೇಲಾದವನ ಜೊತೆ ಪಾಸಾದವನು ಸಂಜೆ ಒಂದು ಗಂಟೆ ಕೂರಲಿ. ಎರಡು ದಿನದಿಂದ ಊಟಕ್ಕೆ ಬಾರದವನ ಬಾಗಿಲು ತಟ್ಟಿ. ಬುದ್ಧಿ ಹೇಳಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ. ಮನಸ್ಸು ತೀರಾ ಕುಸಿದಿದ್ದರೆ ಒಬ್ಬನನ್ನೇ ಬಿಡಬೇಡಿ. ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ನೀವೇ ಫೋನು ಹಚ್ಚಿ ಅವನ ಕೈಗೆ ಕೊಡಿ.

ತನ್ನ ಹೊಟ್ಟೆ, ತನ್ನ ನೌಕರಿ, ತನ್ನ ಸೈಟು ನೋಡಿಕೊಳ್ಳೋದಕ್ಕೇ ಜವಾಬ್ದಾರಿ ಅಂತ ಈ ಕಾಲ ಹೆಸರಿಟ್ಟಿದೆ. ನಮಗೆ ಅಷ್ಟು ಸಾಲದು. ಪಕ್ಕದ ರೂಮಿನವನು ಉಂಡನೇ ಅಂತ ಕೇಳೋದರಿಂದ ನಮ್ಮ ಹೊಣೆ ಶುರುವಾಗಲಿ. ಹೊರೆಯನ್ನ, ಅದನ್ನ ಹೊರಿಸಿದವರ ಅಂಗಳಕ್ಕೇ ಹೋಗಿ ಇಳಿಸೋಣ.

ಜೈ ಭೀಮ್.