ಗರ್ಭಕೋಶದ ಬಾಯಲ್ಲಿ 'ಹುಣ್ಣು' ಅಂದ್ರೆ...

ಇಂಥದ್ದೆಲ್ಲ ಬ್ಲಾಗಿನಲ್ಲಿ ಬರೆಯೋ ವಿಷಯವಾ ಅಂತ ಮೂಗು ಮುರಿಯೋರು ಇರಬಹುದು, ಮುರೀಲಿ. ನಮ್ಮ ಹೆಂಗಸರು ಮದುವೆಮನೆಯ ಮೂಲೆಯಲ್ಲಿ ಪಿಸುಗುಟ್ಟೋ ಒಂದು ಮಾತನ್ನ ಇವತ್ತು ಗಟ್ಟಿಯಾಗೇ ಹೇಳ್ತೀನಿ. "ಗರ್ಭಕೋಶದ ಬಾಯಲ್ಲಿ ಹುಣ್ಣಾಗಿದೆಯಂತೆ ಕಣೇ. ತೆಗೆಸಿಬಿಡಿ, ಇಲ್ಲಾಂದ್ರೆ ಮುಂದೆ ಕ್ಯಾನ್ಸರ್ ಆಗುತ್ತೆ ಅಂದ್ರಂತೆ."

ನನ್ನ ತಕರಾರು ಮೊದಲು 'ಹುಣ್ಣು' ಅನ್ನೋ ಪದದ ಮೇಲೆ.

ಗರ್ಭಕೋಶದ ಕೆಳತುದಿಯಲ್ಲಿ ಕತ್ತಿನ ಹಾಗಿರೋ ಭಾಗ ಗರ್ಭಕಂಠ. ಹೆಚ್ಚುಕಮ್ಮಿ 3 ಸೆಂಟಿಮೀಟರ್ ಉದ್ದ, ಅಷ್ಟೇ. ಅದರ ಒಳಗಿನ ಪದರ ತೆಳ್ಳಗೆ, ಕೆಂಪಗೆ, ಲೋಳೆ ಒಸರುವಂಥದ್ದು. ಹೊರಗಿನದು ದಪ್ಪ, ತಿಳಿಗುಲಾಬಿ ಬಣ್ಣದ್ದು. ಹರೆಯದಲ್ಲಿ, ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವಾಗ ಹಾರ್ಮೋನಿನ ದೆಸೆಯಿಂದ ಒಳಪದರ ಸ್ವಲ್ಪ ಹೊರಕ್ಕೆ ಹರಡಿಕೊಳ್ಳುತ್ತೆ. ನೋಡಿದವರಿಗೆ ಕೆಂಪಾಗಿ ಕಾಣುತ್ತೆ. ಹಳೇ ಕಾಲದ ಡಾಕ್ಟರುಗಳು ಇದನ್ನ 'ಇರೋಷನ್' ಅಂದ್ರು, ಅದು ನಮ್ಮ ಬಾಯಿಗೆ ಬರೋ ಹೊತ್ತಿಗೆ ಹುಣ್ಣಾಗಿ ಕೂತಿತ್ತು. ಅಸಲಿಗೆ ಅಲ್ಲಿ ಹುಣ್ಣೇ ಇಲ್ಲ! ಈಗ ಅದಕ್ಕೆ ಎಕ್ಟ್ರೋಪಿಯನ್ ಅಂತಾರೆ, ತೊಂದರೆ ಕೊಡದಿದ್ದರೆ ಔಷಧಿಯೂ ಬೇಕಿಲ್ಲ.

ನಿಜವಾದ ಉರಿಯೂತ, ಅಂದ್ರೆ ಸರ್ವಿಸೈಟಿಸ್, ಬೇರೆ. ಕ್ಲಮೀಡಿಯಾ, ಗೊನೋರಿಯಾ, ಟ್ರೈಕೊಮೊನಾಸ್ ಇಂಥ ಸೋಂಕುಗಳಿಂದ ಬರಬಹುದು. ಒಳಗೆಲ್ಲ ಸೋಪು, ಡೆಟಾಲ್ ಹಾಕಿ ತೊಳೆಯೋ ಅತಿಶುದ್ಧದವರಿಗೂ ಬರಬಹುದು. ಎಷ್ಟೋ ಸಲ ಪರೀಕ್ಷೆ ಮಾಡಿದ್ರೂ ಕಾರಣ ಸಿಗೋದೇ ಇಲ್ಲ. 'ಉರಿಯೂತ' ಚಂದದ ಪದ, ಉರಿಯೂ ಊತವೂ ಅದರಲ್ಲೇ ಇದೆ. ಆದ್ರೆ ಇಲ್ಲಿ ದಾರಿ ತಪ್ಪಿಸುತ್ತೆ, ಯಾಕಂದ್ರೆ ಬಹಳ ಹೆಂಗಸರಿಗೆ ಏನೂ ಗೊತ್ತೇ ಆಗಲ್ಲ. ಗೊತ್ತಾದವರಿಗೆ ಹಳದಿಯಾಗಿ, ಕೀವಿನಂತೆ ಹೋಗೋದು, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸೋದು, ಮುಟ್ಟಿನ ನಡುವೆ ಕಲೆಯಾಗೋದು. ಕ್ಲಮೀಡಿಯಾ ಅಂತಾದ್ರೆ ಡಾಕ್ಸಿಸೈಕ್ಲಿನ್ ಮಾತ್ರೆ, ದಿನಕ್ಕೆರಡರಂತೆ 7 ದಿನ. ಬಸುರಿಯರಿಗೆ ಬೇರೆ ಮಾತ್ರೆ. ಹಾಗೇ ಬಿಟ್ಟರೆ ಸೋಂಕು ಮೇಲೇರಿ ಗರ್ಭನಾಳ ಕೆಡಿಸಿ ಬಂಜೆತನ ತರಬಹುದು, ಆದ್ದರಿಂದ ಅಲಕ್ಷ್ಯ ಮಾಡಿ ಅಂತ ನಾನು ಹೇಳ್ತಿಲ್ಲ.

ಆದ್ರೆ ಒಂದು ವಾರದ ಮಾತ್ರೆ ಎಲ್ಲಿ, ಗರ್ಭಕೋಶವನ್ನೇ ತೆಗೆಯೋದು ಎಲ್ಲಿ? ನೆಗಡಿಯಾದರೆ ಮೂಗು ಕೊಯ್ದ ಹಾಗೆ. ಗರ್ಭಕಂಠದ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಅನ್ನೋ ವೈರಸ್ಸು, ಅದು ದೇಹದಲ್ಲಿ ಬಿಡದೆ ಉಳಿದು ವರ್ಷಗಟ್ಟಲೆ ಕಳೆದ ಮೇಲೆ ಬರೋ ಕಾಯಿಲೆ. ಪ್ಯಾಪ್ ಟೆಸ್ಟಿನ ರಿಪೋರ್ಟಲ್ಲಿ 'ಇನ್‌ಫ್ಲಮೇಟರಿ' ಅಂತಿದ್ರೆ ಕ್ಯಾನ್ಸರ್ ಅಂತಲ್ಲ. ನಮ್ಮ ಚಿಕ್ಕಮ್ಮ ಆ ಒಂದು ಪದ ಓದಿ ಎರಡು ದಿನ ಊಟ ಬಿಟ್ಟಿದ್ರು. ಅದರ ಕೆಳಗೇ 'ನೆಗೆಟಿವ್' ಅಂತ ಬರೆದಿತ್ತು, ಯಾರೂ ಓದಿ ಹೇಳಿರಲಿಲ್ಲ.

ಕಲಬುರಗಿ ಜಿಲ್ಲೆಯ ತಾಂಡಾಗಳ ಕಥೆ 2015ರ ಹೊತ್ತಿಗೆ ಪೇಪರುಗಳಲ್ಲಿ ಬಂದದ್ದು ನೆನಪಿದೆಯಾ? ಹೊಟ್ಟೆನೋವು, ಬೆನ್ನುನೋವು, ಬಿಳಿಸೆರಗು ಅಂತ ಹೋದ ಲಂಬಾಣಿ ಹೆಂಗಸರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆದಿದ್ರು. ನಲವತ್ತೂ ದಾಟದವರು ಅದರಲ್ಲಿ ಎಷ್ಟೋ ಜನ. ಇಂಥ ಅನಗತ್ಯ ಆಪರೇಷನ್ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯ್ತು. ಜೊತೆಗೆ ಅಂಡಾಶಯವನ್ನೂ ತೆಗೆದುಬಿಟ್ಟರೆ ಮೂವತ್ತೈದಕ್ಕೇ ಮುಟ್ಟು ನಿಂತವರ ಸ್ಥಿತಿ, ಮೂಳೆ ಸವೆತ, ಹೃದಯದ ತೊಂದರೆ. ಕೂಲಿ ಮಾಡಿ ಬದುಕೋ ಹೆಂಗಸಿಗೆ ಮೂಳೆಯೇ ಆಸ್ತಿ.

ತಪ್ಪೆಲ್ಲ ಡಾಕ್ಟರ ಮೇಲೇ ಹಾಕೋಕಾಗಲ್ಲ ಬಿಡಿ. ನಾವು ಎಲ್ಲದಕ್ಕೂ 'ಉಷ್ಣ' ಅಂದು ಮೆಂತ್ಯದ ನೀರು ಕುಡಿದು ವರ್ಷಗಟ್ಟಲೆ ತಳ್ತೀವಿ. ಡಾ. ರಾಣಿ ಬಂಗ್ ಮತ್ತು ಅಭಯ್ ಬಂಗ್ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನ ಪರೀಕ್ಷಿಸಿ 1989ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದ್ರು. ನೂರಕ್ಕೆ 92 ಜನರಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು, ಅದಕ್ಕೆ ಮುಂಚೆ ಒಳಪರೀಕ್ಷೆ ಮಾಡಿಸಿಕೊಂಡಿದ್ದವರು ಬರೀ 8. ಮೊದಲು ಯಾರೂ ನೋಡೋದೇ ಇಲ್ಲ, ನೋಡಿದ ದಿನವೇ ಕೊಯ್ದುಬಿಡೋದು. ನಡುವೆ ಇರಬೇಕಾದ ಪರೀಕ್ಷೆ, ಮಾತ್ರೆ, ಮತ್ತೊಮ್ಮೆ ಬಂದು ತೋರಿಸೋದು, ಇದ್ಯಾವುದೂ ಇಲ್ಲ. ಸೇರಿದ ಮೇಲೆ ರಕ್ತ ಕಂಡ್ರೆ ಖಂಡಿತ ತೋರಿಸಿ, ಕಾರಣ ಯಾವುದು ಅಂತ ಪತ್ತೆಯಾಗಲಿ. ಆಪರೇಷನ್ ಅಂದ್ರೆ ರಿಪೋರ್ಟ್ ಕೈಗೆ ಇಸ್ಕೊಂಡು ಇನ್ನೊಬ್ಬರಿಗೆ ತೋರಿಸಿ.

ಇನ್ನು ಗಂಡಂದಿರ ವಿಷಯ. ಲೈಂಗಿಕ ಸೋಂಕಾಗಿದ್ರೆ ಅವರಿಗೂ ಚಿಕಿತ್ಸೆ ಆಗಬೇಕು, ಇಬ್ಬರದೂ ಮುಗಿಯೋವರೆಗೆ ದೂರ ಇರಬೇಕು. ಇಲ್ಲಾಂದ್ರೆ ಆಕೆ ಮಾತ್ರೆ ನುಂಗಿ ವಾಸಿಯಾಗೋದು, ಮತ್ತೆ ಅವನಿಂದ ಅಂಟಿಸಿಕೊಳ್ಳೋದು, ಕಡೆಗೆ "ಎಷ್ಟು ಮಾತ್ರೆ ಕೊಟ್ರೂ ಹೋಗ್ತಿಲ್ಲ, ತೆಗೆಸಿಬಿಡಿ". ಕ್ಲಮೀಡಿಯಾ ಸದ್ದಿಲ್ಲದೆ ತಿಂಗಳುಗಟ್ಟಲೆ ಒಳಗಿರಬಹುದು, ಆದ್ದರಿಂದ ಯಾರಿಂದ ಬಂತು ಅಂತ ಜಗಳಕ್ಕೆ ಕೂರಬೇಕಿಲ್ಲ. ಹೊರಗಿನ ಬೆಂಚಿನ ಮೇಲೆ ಮೊಬೈಲ್ ತಿಕ್ಕುತ್ತಾ ಕೂತಿರ್ತಾರಲ್ಲ, ಅವರನ್ನೂ ಒಳಗೆ ಕರೀರಿ.